ರಂಗೋಲಿ ಪುಡಿ ಹಿಡಿದು ಯೋಚಿಸೋಣ: ಗುಂಪಿನಲ್ಲಿ ಚಿತ್ರ ಬರೆಯುವ ಪಾಠ



ಸಂಘದ ಸಭೆಯಲ್ಲಿ ನಲವತ್ತು ಜನ ಕೂತಿರುತ್ತಾರೆ, ಮಾತಾಡುವವರು ನಾಲ್ಕೈದು ಜನ. ಉಳಿದವರಿಗೆ ಹೇಳಲು ಏನೂ ಇಲ್ಲವೆಂದಲ್ಲ. ನಸುಕಿನಲ್ಲೇ ಎದ್ದು ಸಗಣಿ ಬಾಚಿ, ಹಾಲು ಕರೆದು, ಮೇವು ಹೊತ್ತು ತರುವವರಿಗೆ ಹೇಳಲು ಬೇಕಾದಷ್ಟಿದೆ. ಆದರೆ "ನಾನು ಓದಿದವಳಲ್ಲ, ನನ್ನ ಮಾತು ಯಾರು ಕೇಳ್ತಾರೆ" ಎಂದು ಸುಮ್ಮನಿರುತ್ತಾರೆ. ಸಭೆ ಮುಗಿದು ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನಿಜವಾದ ಮಾತು ಶುರುವಾಗುತ್ತದೆ. ಆ ಮಾತು ನಡಾವಳಿ ಪುಸ್ತಕಕ್ಕೆ ಬರುವುದಿಲ್ಲ. ಬರದ ಮಾತಿಗೆ ತೀರ್ಮಾನವೂ ಇಲ್ಲ, ಹಣವೂ ಇಲ್ಲ.

ಈ ಮೌನ ಮುರಿಯಲು ಒಂದು ಸುಲಭದ ದಾರಿ ಇದೆ. ಎಲ್ಲರೂ ನೆಲದ ಸುತ್ತ ಕೂತು ಒಂದೇ ಚಿತ್ರವನ್ನು ಸೇರಿ ಬರೆಯುವುದು. ಬರೆಯುತ್ತಾ ಬರೆಯುತ್ತಾ ಮಾತು ತಾನಾಗಿ ಬರುತ್ತದೆ. ಇದಕ್ಕೆ ಓದು ಬರಹ ಬೇಕಿಲ್ಲ, ಚಿತ್ರಕಲೆಯೂ ಬೇಕಿಲ್ಲ. ದಿನಾ ಬಾಗಿಲಿಗೆ ಚುಕ್ಕಿ ಇಟ್ಟು ಎಳೆ ಎಳೆಯುವ ಕೈ ನಿಮ್ಮದು. ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಎಣಿಸಿದ ಕೈಯೂ ನಿಮ್ಮದೇ. ಈ ಪಾಠಕ್ಕೆ ಅಷ್ಟು ಸಾಕು.

ಈ ಪದ್ಧತಿ ಎಲ್ಲಿಂದ ಬಂತು?

ಹಿಂದೆ ಹಳ್ಳಿಗೆ ಯೋಜನೆ ಮಾಡಲು ಬರುವವರು ಪ್ರಶ್ನೆಪತ್ರಿಕೆ ಹಿಡಿದು ಮನೆ ಮನೆ ತಿರುಗುತ್ತಿದ್ದರು. ಪ್ರಶ್ನೆ ಅವರದು, ಬರಹ ಅವರದು, ಕೊನೆಗೆ ತೀರ್ಮಾನವೂ ಅವರದೇ. 1980ರ ದಶಕದ ಕೊನೆಗೆ ನಮ್ಮ ದೇಶದಲ್ಲಿ ಈ ರೀತಿ ಬದಲಾಗತೊಡಗಿತು. ಗುಜರಾತಿನಲ್ಲಿ ಆಗಾ ಖಾನ್ ಗ್ರಾಮೀಣ ಬೆಂಬಲ ಕಾರ್ಯಕ್ರಮ, ನಮ್ಮ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ, ಹಳ್ಳಿಯವರ ಕೈಗೇ ಕೋಲು, ಸುಣ್ಣ, ಬಣ್ಣದ ಪುಡಿ ಕೊಟ್ಟು "ನಿಮ್ಮ ಊರನ್ನು ನೀವೇ ಬರೆದು ತೋರಿಸಿ" ಎಂದವು. ಜನ ತಮ್ಮ ಹೊಲ, ಹಳ್ಳ, ಬಾವಿ, ಮನೆಗಳನ್ನೆಲ್ಲ ನೆಲದ ಮೇಲೆ ಬರೆದರು. ಇದಕ್ಕೆ ಸಹಭಾಗಿತ್ವದ ಗ್ರಾಮ ಸಮೀಕ್ಷೆ ಎಂದು ಹೆಸರಾಯಿತು. ಅಧಿಕಾರಿಗಳು ಇಂಗ್ಲಿಷಿನ ಮೊದಲಕ್ಷರ ಹಿಡಿದು ಪಿಆರ್‌ಎ ಎನ್ನುತ್ತಾರೆ. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು ಆ ವರ್ಷಗಳಲ್ಲಿ ಭಾರತದಲ್ಲಿದ್ದು ಈ ಕೆಲಸವನ್ನು ಹತ್ತಿರದಿಂದ ಕಂಡು ಬೇರೆ ದೇಶಗಳಿಗೂ ತಿಳಿಸಿದರು. "ಕೋಲನ್ನು ಅವರ ಕೈಗೆ ಕೊಡಿ" ಎಂಬುದೇ ಈ ಪದ್ಧತಿಯ ಸಾರ. ಕೋಲು ಯಾರ ಕೈಯಲ್ಲಿದೆಯೋ ಚಿತ್ರ ಅವರದು. ಚಿತ್ರ ಯಾರದೋ ಮಾತು ಅವರದು.

ಅಂದರೆ ಇದು ಎಲ್ಲಿಂದಲೋ ತಂದು ನಮ್ಮ ಮೇಲೆ ಹೇರಿದ ವಿದ್ಯೆಯಲ್ಲ. ನಮ್ಮ ಹಳ್ಳಿಗಳಲ್ಲೇ ಬೆಳೆದದ್ದು.

ಏನೇನು ಬೇಕು?

ಗುಡಿಸಿ ನೀರು ಚಿಮುಕಿಸಿದ ಒಂದು ಅಂಗಳ, ಹತ್ತು ಅಡಿ ಉದ್ದಗಲವಿದ್ದರೆ ಸಾಕು. ರಂಗೋಲಿ ಪುಡಿ ಅಥವಾ ಸೀಮೆಸುಣ್ಣ. ಒಂದು ಬೊಗಸೆ ಹುಣಸೆ ಬೀಜ ಅಥವಾ ಅವರೆಕಾಳು. ಎಲೆ, ಕಡ್ಡಿ, ಕಲ್ಲು, ಒಂದಿಷ್ಟು ಹುಲ್ಲು. ಕೊನೆಯಲ್ಲಿ ನಕಲು ಮಾಡಿಕೊಳ್ಳಲು ಒಂದು ದೊಡ್ಡ ಹಾಳೆ ಮತ್ತು ಪೆನ್ನು. ಒಟ್ಟು ಖರ್ಚು ಒಂದು ಲೋಟ ಹಾಲಿನ ಬೆಲೆಯಷ್ಟೂ ಆಗುವುದಿಲ್ಲ.

ಜನ ಎಂಟರಿಂದ ಹದಿನೈದು. ಅದಕ್ಕಿಂತ ಹೆಚ್ಚಾದರೆ ಎರಡು ಗುಂಪು ಮಾಡಿ. ಹೊತ್ತು ಮಧ್ಯಾಹ್ನದ್ದಾಗಲಿ, ಬೆಳಗಿನ ಹಾಲು ಹಾಕಿ, ಊಟ ಮುಗಿದು, ಸಂಜೆ ಕರೆಯುವ ಮೊದಲು ಸಿಗುವ ಆ ಒಂದೂವರೆ ಗಂಟೆ ಸಾಕು. ಒಂದು ದಿನಕ್ಕೆ ಒಂದೇ ಚಿತ್ರ. ಎಲ್ಲವನ್ನೂ ಒಂದೇ ದಿನ ಮುಗಿಸಹೊರಟರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ.

ನೆಲದ ಮೇಲೆಯೇ ಏಕೆ ಎಂದು ಕೇಳಬಹುದು. ಹಾಳೆಯ ಮೇಲಾದರೆ ಪೆನ್ನು ಹಿಡಿದವಳು ಒಬ್ಬಳೇ. ತಪ್ಪಾದರೆ ಹಾಳೆ ಕೆಡುತ್ತದೆ ಎಂಬ ಹೆದರಿಕೆ ಬೇರೆ. ನೆಲದ ಮೇಲಾದರೆ ಎಲ್ಲ ಕಡೆಯಿಂದಲೂ ಕೈ ಹಾಕಬಹುದು, ತಪ್ಪಿದರೆ ಅಂಗೈಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಅತ್ತೆ ಇಟ್ಟ ಕಲ್ಲನ್ನು ಸೊಸೆ ಮೆಲ್ಲಗೆ ಸರಿಸಬಹುದು. ಬಾಯಲ್ಲಿ ಎದುರಾಡಲು ಕಷ್ಟವಾದದ್ದು ಕೈಯಲ್ಲಿ ಸುಲಭವಾಗುತ್ತದೆ.

ಮೊದಲ ಚಿತ್ರ: ಮೇವು ನೀರಿನ ನಕ್ಷೆ

ಮೊದಲು ನೀವು ಕೂತಿರುವ ಜಾಗಕ್ಕೆ ಒಂದು ಕಲ್ಲಿಡಿ. ಅಲ್ಲಿಂದ ಊರ ರಸ್ತೆ ಎಳೆಯಿರಿ. ಹಾಲಿನ ಡೈರಿ, ಕೆರೆ, ಕೊಳವೆಬಾವಿ, ಪಶು ಆಸ್ಪತ್ರೆಗೆ ಹೋಗುವ ದಾರಿ, ಗೋಮಾಳ ಒಂದೊಂದಾಗಿ ಬರಲಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಮನೆ ತಾವೇ ಬರೆದು, ಎಷ್ಟು ಹಸು ಎಮ್ಮೆ ಇವೆಯೋ ಅಷ್ಟು ಕಾಳು ಇಡಲಿ. ಕೊನೆಗೆ ಮುಖ್ಯವಾದ ಕೆಲಸ: ಯಾರು ಎಲ್ಲಿಂದ ಮೇವು ತರುತ್ತೀರೋ ಅಲ್ಲಿಂದ ನಿಮ್ಮ ಮನೆಗೆ ಒಂದು ಗೆರೆ ಎಳೆಯಿರಿ.

ಈ ಗೆರೆಗಳನ್ನು ನೋಡಿ. ಹೊಲ ಇರುವವಳ ಗೆರೆ ಚಿಕ್ಕದು. ಹೊಲ ಇಲ್ಲದೆ ಒಂದು ಹಸು ಕಟ್ಟಿಕೊಂಡವಳ ಗೆರೆ ಕೆರೆ ಅಂಗಳಕ್ಕೋ, ಬೇರೆಯವರ ಬದುವಿಗೋ, ರಸ್ತೆ ಪಕ್ಕಕ್ಕೋ ಹೋಗುತ್ತದೆ. ಬೇಸಿಗೆಯಲ್ಲಿ ಆ ಗೆರೆ ಇನ್ನೂ ಉದ್ದ. ಗೋಮಾಳವನ್ನೋ ಕೆರೆ ಅಂಗಳವನ್ನೋ ಬೇರೆ ಕೆಲಸಕ್ಕೆ ಬಳಸುವ ಮಾತು ಊರಲ್ಲಿ ಬಂದಾಗ, ಅಲ್ಲಿ ಹುಲ್ಲು ಕೊಯ್ಯುವ ಹೆಂಗಸರು ಯಾರು ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನಿಮ್ಮ ನಕ್ಷೆ ಆ ಹೆಂಗಸರನ್ನು ತೋರಿಸುತ್ತದೆ.

ನಕ್ಷೆ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರ ಮನೆಯ ದಾರಿ ಎಲ್ಲಕ್ಕಿಂತ ಉದ್ದ? ಬದುವಿನ ಮೇಲೆ, ಬಚ್ಚಲ ನೀರು ಹರಿಯುವಲ್ಲಿ, ಡೈರಿಯ ಹಿಂದಿನ ಖಾಲಿ ಜಾಗದಲ್ಲಿ ನೇಪಿಯರ್ ಹುಲ್ಲಿನ ತುಂಡೋ ಅಗಸೆ ಗಿಡವೋ ನೆಡಲು ಜಾಗವಿದೆಯೇ? ರಾಸುಗಳಿಗೆ ಕುಡಿಯುವ ನೀರಿನ ತೊಟ್ಟಿ ಎಲ್ಲಿದ್ದರೆ ಹೆಚ್ಚು ಮನೆಗಳಿಗೆ ಹತ್ತಿರ? ಈ ಪ್ರಶ್ನೆಗಳಿಗೆ ಉತ್ತರ ನಕ್ಷೆಯ ಮೇಲೇ ಕಾಣುತ್ತದೆ.

ವಯಸ್ಸಾದವರಿದ್ದರೆ "ಅಜ್ಜಿ, ನೀವು ಮದುವೆಯಾಗಿ ಬಂದಾಗ ಗೋಮಾಳ ಎಲ್ಲಿವರೆಗೆ ಇತ್ತು?" ಎಂದು ಕೇಳಿ. ಅವರು ಇಡುವ ಕಲ್ಲು ಎಲ್ಲಿ ಬೀಳುತ್ತದೆ ನೋಡಿ.

ಎರಡನೆಯ ಚಿತ್ರ: ಹನ್ನೆರಡು ತಿಂಗಳ ಪಟ್ಟಿ

ಉದ್ದಕ್ಕೆ ಹನ್ನೆರಡು ಮನೆ ಬರೆಯಿರಿ. ಜನವರಿಯಿಂದ ಬೇಕಾದರೂ ಸರಿ, ಯುಗಾದಿಯಿಂದ ಬೇಕಾದರೂ ಸರಿ. ಅಶ್ವಿನಿ, ಭರಣಿ ಎಂದು ಮಳೆಯ ಲೆಕ್ಕ ಹಿಡಿಯುವವರು ಅದನ್ನೇ ಹಿಡಿಯಲಿ. ಎಡಗಡೆ ಒಂದರ ಕೆಳಗೊಂದು ಐದು ಸಾಲು ಮಾಡಿ. ಸಾಲು ಗುರುತಿಸಲು ಅಕ್ಷರ ಬೇಡ, ವಸ್ತು ಇಡಿ: ಮಳೆಗೆ ಒಂದು ಚಿಪ್ಪು ನೀರು, ಹಸಿರು ಮೇವಿಗೆ ಹಸಿ ಎಲೆ, ಒಣ ಮೇವಿಗೆ ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು, ಹಾಲಿಗೆ ಬಿಳಿ ಕಲ್ಲು, ಕಾಯಿಲೆಗೆ ಒಂದು ಮುಳ್ಳು.

ಈಗ ಪ್ರತಿ ತಿಂಗಳಿಗೂ ಸೊನ್ನೆಯಿಂದ ಹತ್ತರವರೆಗೆ ಕಾಳು ಇಡುತ್ತಾ ಹೋಗಿ. ಮೇವು ಧಾರಾಳವಾಗಿದ್ದರೆ ಹತ್ತು, ಏನೂ ಇಲ್ಲದಿದ್ದರೆ ಸೊನ್ನೆ. ಇಡುವಾಗ ವಾದ ನಡೆಯುತ್ತದೆ, ನಡೆಯಲಿ. "ಏ, ಮಾಗಿಯಲ್ಲಿ ಅಷ್ಟೊಂದು ಹಸಿರು ಎಲ್ಲಿರತ್ತೆ, ಎರಡು ಕಾಳು ತೆಗಿ" ಎಂಬ ಮಾತೇ ಈ ಚಿತ್ರದ ಜೀವ.

ಬಯಲುಸೀಮೆಯ ಊರಾದರೆ ಒಂದು ವಿಷಯ ಎದ್ದು ಕಾಣುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಸಿರಿನ ಸಾಲಿನಲ್ಲಿ ಕಾಳು ತುಂಬಿ ಚೆಲ್ಲುತ್ತವೆ. ಫೆಬ್ರವರಿಯಿಂದ ಮೇವರೆಗೆ ಅದೇ ಸಾಲು ಬರಿದು. ಹಾಲಿನ ಸಾಲೂ ಅದರ ಹಿಂದೆಯೇ ಇಳಿಯುತ್ತದೆ. ಮುಂಗಡ ಸಾಲ ತೆಗೆಯುವ ತಿಂಗಳುಗಳೂ ಅವೇ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಹಾಗಾದರೆ ತುಂಬಿದ ಮನೆಯಿಂದ ಬರಿದಾದ ಮನೆಗೆ ಕಾಳು ಸಾಗಿಸುವುದು ಹೇಗೆ? ಅದೇ ರಸಮೇವು. ಮುಸುಕಿನ ಜೋಳವನ್ನು ತೆನೆಯ ಕಾಳು ಹಾಲುಗಟ್ಟಿದ ಹಂತದಲ್ಲಿ ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲೋ ಚೀಲದಲ್ಲೋ ಗಾಳಿ ಆಡದಂತೆ ತುಳಿದು ತುಂಬಿ ಮುಚ್ಚಿದರೆ ಸುಮಾರು 45 ದಿನಕ್ಕೆ ಹದವಾಗುತ್ತದೆ. ಗಾಳಿ ಹೋಗದಂತೆ ಮುಚ್ಚಿದ್ದರೆ ಬೇಸಿಗೆಯವರೆಗೂ ಕೆಡುವುದಿಲ್ಲ. ಬೂಷ್ಟು ಹಿಡಿದ ಭಾಗವನ್ನು ಮಾತ್ರ ರಾಸುಗಳಿಗೆ ಹಾಕಬಾರದು.

ಲೆಕ್ಕವನ್ನೂ ಕಾಳಿನಲ್ಲೇ ಮಾಡಿ. ಒಂದು ಹಸುವಿಗೆ ದಿನಕ್ಕೆ 15 ಕಿಲೋ ಎಂದು ಹಿಡಿದರೆ ಮೂರು ತಿಂಗಳಿಗೆ, ಅಂದರೆ 90 ದಿನಕ್ಕೆ, 1350 ಕಿಲೋ ಬೇಕು. ಗುಂಪಿನಲ್ಲಿ ಹತ್ತು ಮನೆ, ಮನೆಗೆ ಎರಡು ಹಸು ಎಂದರೆ 27,000 ಕಿಲೋ, ಅಂದರೆ 27 ಟನ್. ಒಬ್ಬಳಿಗೆ ಮೇವು ಕತ್ತರಿಸುವ ಯಂತ್ರ ಕೊಳ್ಳಲು ಕಷ್ಟ. ಹತ್ತು ಜನ ಸೇರಿ ಒಂದು ಯಂತ್ರ ತೆಗೆದುಕೊಳ್ಳುವುದೋ, ಸಂಘದಿಂದ ಒಂದು ಯಂತ್ರ ಬಾಡಿಗೆಗೆ ಇಡಿಸುವುದೋ ಆಗಬಹುದು. ಹೊಲ ಇಲ್ಲದವಳು ಕತ್ತರಿಸಿ ತುಂಬುವ ಕೆಲಸಕ್ಕೆ ಬಂದು ಅದಕ್ಕೆ ಪ್ರತಿಯಾಗಿ ತನ್ನ ಪಾಲಿನ ಚೀಲ ಪಡೆಯಬಹುದು. ಇಂಥ ಯೋಚನೆ ಒಬ್ಬಳ ತಲೆಯಲ್ಲಿ ಹುಟ್ಟುವುದು ಕಷ್ಟ. ಬರಿದಾದ ನಾಲ್ಕು ಮನೆಗಳನ್ನು ಹತ್ತು ಜನ ಒಟ್ಟಿಗೆ ನೋಡುವಾಗ ಹುಟ್ಟುತ್ತದೆ.

ಮಲೆನಾಡಿನ ಪಟ್ಟಿ ಬೇರೆಯೇ ಇರುತ್ತದೆ. ಅಲ್ಲಿ ಹಸಿರಿಗಿಂತ, ಮಳೆಗಾಲಕ್ಕೆ ಒಣಹುಲ್ಲನ್ನು ನೆನೆಯದಂತೆ ಇಡುವ ಚಿಂತೆ ದೊಡ್ಡದು. ಆದ್ದರಿಂದ ಬೇರೆ ಊರಿನ ಪಟ್ಟಿಯನ್ನು ನಕಲು ಮಾಡಬೇಡಿ.

ಮುಳ್ಳಿನ ಸಾಲನ್ನೂ ಗಮನಿಸಿ. ಗಳಲೆ ರೋಗ, ಚಪ್ಪೆ ರೋಗ ಮಳೆ ಹಿಡಿದಾಗ ಹೆಚ್ಚು. ಲಸಿಕೆ ಮಳೆಗಿಂತ ಮೊದಲೇ ಆಗಬೇಕು. ಕಾಲುಬಾಯಿ ರೋಗದ ಲಸಿಕೆ ಆರು ತಿಂಗಳಿಗೊಮ್ಮೆ. ಮುಳ್ಳು ಇರುವ ತಿಂಗಳಿಗಿಂತ ಹಿಂದಿನ ಮನೆಯಲ್ಲಿ ಒಂದು ಹೂವಿಡಿ. ಲಸಿಕೆಯ ನೆನಪು ಅದೇ.

ಮೂರನೆಯ ಚಿತ್ರ: ಹಸುವಿನ ಹದಿಮೂರು ಕಲ್ಲು

ಒಂದು ದೊಡ್ಡ ವೃತ್ತ ಬರೆದು ಅದರ ಮೇಲೆ ಸಮನಾದ ದೂರದಲ್ಲಿ ಹದಿಮೂರು ಕಲ್ಲು ಇಡಿ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ 30 ದಿನ. ಹದಿಮೂರು ಕಲ್ಲು ಸುತ್ತಿ ಮತ್ತೆ ಮೊದಲ ಕಲ್ಲಿಗೆ ಬಂದರೆ 390 ದಿನ. ಹಸು ಹದಿಮೂರು ತಿಂಗಳಿಗೊಂದು ಕರು ಹಾಕಬೇಕು ಎನ್ನುವುದರ ಚಿತ್ರ ಇದು.

ಮೊದಲ ಕಲ್ಲಿನ ಹತ್ತಿರ ಕರು ಬರೆಯಿರಿ. ಕರು ಹಾಕಿದ ದಿನ ಅದು. ಮೊದಲ ಎರಡು ತಿಂಗಳು ಗರ್ಭಕೋಶ ಸುಧಾರಿಸಿಕೊಳ್ಳುವ ಕಾಲ, ಅಲ್ಲಿಗೆ ಮೂರನೆಯ ಕಲ್ಲು. ಈಗ ಹಿಂದಿನಿಂದ ಎಣಿಸಿ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. 390ರಲ್ಲಿ 280 ಕಳೆದರೆ ಉಳಿಯುವುದು 110 ದಿನ. ಅಂದರೆ ಐದನೆಯ ಕಲ್ಲು ಮುಟ್ಟುವುದರೊಳಗೆ ಹಸು ಗಬ್ಬ ಕಟ್ಟಿರಬೇಕು.

ಮೂರನೆಯ ಕಲ್ಲಿನಿಂದ, ಅಂದರೆ 60ನೆಯ ದಿನದಿಂದ, 110ನೆಯ ದಿನದವರೆಗೆ ಸಿಗುವುದು 50 ದಿನ. ಹಸು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಆ ಜಾಗದಲ್ಲಿ ಬೆದೆಯ ಕಾಳು ಇಟ್ಟು ನೋಡಿ. 60ಕ್ಕೆ ಒಂದು, 81ಕ್ಕೆ ಒಂದು, 102ಕ್ಕೆ ಒಂದು. ಮೂರೇ ಕಾಳು, ಇಡೀ ವರ್ಷದಲ್ಲಿ ನಮ್ಮ ಕೈಯಲ್ಲಿರುವ ಅವಕಾಶ ಅಷ್ಟೇ.

ಒಂದು ಬೆದೆ ಕಣ್ಣು ತಪ್ಪಿದರೆ 21 ದಿನ ಹೋಯಿತು. ಆ 21 ದಿನವೂ ಹಸು ಮೇವು ತಿನ್ನುತ್ತದೆ, ಹಿಂಡಿ ತಿನ್ನುತ್ತದೆ, ನೀವು ಸಗಣಿ ಬಾಚುತ್ತೀರಿ. ಮುಂದಿನ ಕರು ಮತ್ತು ಮುಂದಿನ ಸೂಲಿನ ಹಾಲು ಮಾತ್ರ 21 ದಿನ ಹಿಂದಕ್ಕೆ ಹೋಗುತ್ತದೆ. ಮೂರು ತಪ್ಪಿದರೆ ಎರಡು ತಿಂಗಳು. ಎರಡು ತಿಂಗಳ ಬರಡು ದಿನಗಳ ಖರ್ಚನ್ನು ನಿಮ್ಮ ನಿಮ್ಮ ಮನೆಯ ಲೆಕ್ಕದಲ್ಲಿ ಎಣಿಸಿಕೊಳ್ಳಿ.

ಈಗ ಗುಂಪಿನಲ್ಲಿ ಕೇಳಿ: ನಿಮ್ಮ ಹಸು ಬೆದೆಗೆ ಬಂದದ್ದು ಯಾವುದರಿಂದ ಗೊತ್ತಾಗುತ್ತದೆ? ಒಬ್ಬರು ಕೂಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಬೇರೆ ಹಸುವಿನ ಮೇಲೆ ಹಾರುತ್ತದೆ, ಲೋಳೆ ಸೋರುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ ಎನ್ನುತ್ತಾರೆ. ಎಮ್ಮೆ ಸಾಕಿದವರು "ನಮ್ಮದು ಸದ್ದೇ ಮಾಡಲ್ಲ" ಎನ್ನುತ್ತಾರೆ. ಎಮ್ಮೆಗಳಲ್ಲಿ ಮೂಕಬೆದೆ ಇರುವುದು ನಿಜ. ರಾತ್ರಿ ಮಲಗುವ ಮುಂಚೆ, ಬೆಳಿಗ್ಗೆ ಎದ್ದೊಡನೆ ಕೊಟ್ಟಿಗೆಗೆ ಹೋಗಿ ನೋಡುವ ಅಭ್ಯಾಸ ಇರುವವರು ಯಾರು ಎಂದು ಕೈ ಎತ್ತಿಸಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬ ನಿಯಮವನ್ನು ಸೂರ್ಯ ಚಂದ್ರ ಬರೆದು ಪಕ್ಕದಲ್ಲೇ ತೋರಿಸಿ.

ಏಳನೆಯ ಕಲ್ಲಿನ ಹತ್ತಿರ ಗಬ್ಬ ಪರೀಕ್ಷೆ. ಹನ್ನೆರಡನೆಯ ಕಲ್ಲಿನಲ್ಲಿ ಹಾಲು ಬತ್ತಿಸುವುದು, ಅಂದರೆ ಕರು ಹಾಕಲು 60 ದಿನ ಮುಂಚೆ. ಆ ಎರಡು ತಿಂಗಳು ಹಸುವಿಗೆ ಕರೆಯುವುದರಿಂದ ಬಿಡುವು ಕೊಟ್ಟು ಚೆನ್ನಾಗಿ ಮೇಯಿಸಿದರೆ ಮುಂದಿನ ಸೂಲಿನಲ್ಲಿ ಅದು ಹಾಲಾಗಿ ತಿರುಗಿ ಬರುತ್ತದೆ. ಕೊನೆಗೆ ಪ್ರತಿಯೊಬ್ಬರೂ ಒಂದೊಂದು ಹುಣಸೆ ಬೀಜ ತೆಗೆದುಕೊಂಡು ತಮ್ಮ ಹಸು ಇವತ್ತು ಯಾವ ಕಲ್ಲಿನ ಹತ್ತಿರವಿದೆಯೋ ಅಲ್ಲಿಡಿ. ಐದನೆಯ ಕಲ್ಲು ದಾಟಿದರೂ ಗಬ್ಬವಾಗದ ಹಸುಗಳ ಬೀಜಗಳನ್ನು ವೃತ್ತದ ಹೊರಗೆ ಇಡಿ. ಹೊರಗೆ ಬಿದ್ದ ಬೀಜಗಳು ಹೆಚ್ಚಿದ್ದರೆ, ಒಂದು ಬಂಜೆತನ ತಪಾಸಣಾ ಶಿಬಿರ ಬೇಕೆಂದು ಒಕ್ಕೂಟದ ಪಶುವೈದ್ಯರನ್ನು ಕೇಳಲು ನಿಮ್ಮ ಕೈಯಲ್ಲಿ ಲೆಕ್ಕವಿದೆ.

ನಾಲ್ಕನೆಯ ಚಿತ್ರ: ದಿನದ ಗಡಿಯಾರ

ಎರಡು ವೃತ್ತ ಬರೆಯಿರಿ. ಎರಡನ್ನೂ 24 ಭಾಗ ಮಾಡಿ. ಒಂದು ನಿಮ್ಮ ದಿನ, ಇನ್ನೊಂದು ಮನೆಯ ಗಂಡಸಿನ ದಿನ. ನಿದ್ದೆಗೆ ಇದ್ದಿಲು, ಕೊಟ್ಟಿಗೆ ಕೆಲಸಕ್ಕೆ ಹುಲ್ಲು, ಅಡುಗೆ ಮಕ್ಕಳ ಕೆಲಸಕ್ಕೆ ರಾಗಿ, ಹೊಲ ಕೂಲಿಗೆ ಮಣ್ಣು, ವಿಶ್ರಾಂತಿಗೆ ಹೂವು ಇಡಿ.

ಇದು ಜಗಳ ಹಚ್ಚುವ ಚಿತ್ರವಲ್ಲ. ಗಂಡಸರಿಗೂ ಹೊಲದ, ಕೂಲಿಯ ದುಡಿಮೆ ಇದ್ದೇ ಇದೆ. ಆದರೆ ನಿಮ್ಮ ವೃತ್ತದಲ್ಲಿ ಹುಲ್ಲು ಎಷ್ಟು ಭಾಗ ತುಂಬಿತು, ಹೂವು ಎಲ್ಲಿ ಬಿತ್ತು ಎಂದು ಎಣಿಸಿ ನೋಡಿ. ಆಮೇಲೆ ಒಂದೊಂದೇ ಪ್ರಶ್ನೆ: ಹಸು ಕೊಳ್ಳುವ ಮಾರುವ ಮಾತು ಯಾರು ಆಡುತ್ತಾರೆ? ಹಾಲಿನ ಬಟವಾಡೆ ಯಾರ ಖಾತೆಗೆ ಬರುತ್ತದೆ? ಸಂಘದ ಸದಸ್ಯತ್ವ ಯಾರ ಹೆಸರಿನಲ್ಲಿದೆ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಕೊಟ್ಟಿಗೆಯ ದುಡಿಮೆ ನಿಮ್ಮದಾಗಿದ್ದು ಷೇರು ಇನ್ನೊಬ್ಬರ ಹೆಸರಿನಲ್ಲಿದ್ದರೆ ಸಾಮಾನ್ಯ ಸಭೆಯಲ್ಲಿ ಮತ ನಿಮ್ಮದಲ್ಲ, ಆಡಳಿತ ಮಂಡಳಿಗೆ ನಿಲ್ಲುವ ಹಕ್ಕೂ ಇಲ್ಲ. ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ಸ್ಟೆಪ್ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿ ಅನೇಕ ಮಹಿಳಾ ಹಾಲು ಉತ್ಪಾದಕರ ಸಂಘಗಳು ಹುಟ್ಟಿದ್ದು ಈ ಕಾರಣಕ್ಕೇ. ದುಡಿಯುವವಳೇ ಸದಸ್ಯೆಯಾಗಲಿ, ಅವಳೇ ತೀರ್ಮಾನಿಸಲಿ ಎಂಬುದು ಅದರ ಉದ್ದೇಶ. ನಿಮ್ಮ ಸಂಘ ಮಹಿಳಾ ಸಂಘವಲ್ಲದಿದ್ದರೂ ಹಾಲು ಹಾಕುವವಳು ತನ್ನ ಹೆಸರಿನಲ್ಲಿ ಸದಸ್ಯತ್ವ ಕೇಳಬಹುದು. ನಿಯಮವೇನು ಎಂದು ಕಾರ್ಯದರ್ಶಿಯನ್ನು ಗುಂಪಾಗಿ ಹೋಗಿ ಕೇಳಿ.

ಐದನೆಯ ಚಿತ್ರ: ಹಾಲಿನ ದಾರಿ

ಕೆಚ್ಚಲಿನಿಂದ ಡೈರಿಯ ಕ್ಯಾನಿನವರೆಗೆ ಒಂದು ದಾರಿ ಎಳೆಯಿರಿ. ಕೆಚ್ಚಲು, ಕೈ, ಕರೆಯುವ ಪಾತ್ರೆ, ಸೋಸುವ ಬಟ್ಟೆ, ಒಯ್ಯುವ ಕ್ಯಾನು, ನಡೆಯುವ ದಾರಿ, ಡೈರಿ. ಪ್ರತಿ ನಿಲ್ದಾಣದಲ್ಲೂ ಕೊಳೆ ಸೇರುವ ಸಾಧ್ಯತೆ ಇದ್ದರೆ ಇದ್ದಿಲ ಚುಕ್ಕಿ ಇಡಿ. ಆಮೇಲೆ ಆ ಚುಕ್ಕಿ ಒರೆಸುವುದು ಹೇಗೆಂದು ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಲಿ: ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸುವುದು, ಮೊದಲ ಎರಡು ಮೂರು ಧಾರೆಯನ್ನು ಬೇರೆ ಬಟ್ಟಲಿಗೆ ಕರೆದು ಗರಣೆ ಇದೆಯೇ ನೋಡುವುದು, ಪಾತ್ರೆಯನ್ನು ಬಿಸಿಲಿಗೆ ಬೋರಲು ಹಾಕುವುದು. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಹೊತ್ತು ಬೇಕು. ಅಷ್ಟರಲ್ಲಿ ಹಸು ಸಗಣಿಯ ಮೇಲೆ ಮಲಗಿದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಕರೆದ ತಕ್ಷಣ ಮೇವು ಹಾಕಿದರೆ ಅರ್ಧ ಗಂಟೆ ನಿಂತೇ ಇರುತ್ತದೆ. ಚುಕ್ಕಿ ಒರೆಸುತ್ತಾ ಕಲಿತ ಪಾಠ ಮರೆಯುವುದಿಲ್ಲ.

ಕಾಳು ಇಟ್ಟು ಆರಿಸುವುದು

ಐದು ಚಿತ್ರ ಮುಗಿಯುವಷ್ಟರಲ್ಲಿ ಹತ್ತಾರು ಯೋಚನೆ ಬಂದಿರುತ್ತವೆ. ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾಗದು. ಒಂದೊಂದು ಯೋಚನೆಗೂ ಒಂದು ಗುರುತು ಮಾಡಿ: ಯಂತ್ರಕ್ಕೆ ಒಂದು ಕುಡುಗೋಲು, ನೀರಿನ ತೊಟ್ಟಿಗೆ ಒಂದು ಚೆಂಬು, ಶಿಬಿರಕ್ಕೆ ಒಂದು ಔಷಧಿ ಬಾಟಲಿ, ಸದಸ್ಯತ್ವಕ್ಕೆ ಒಂದು ಪಾಸ್ ಪುಸ್ತಕ. ಪ್ರತಿಯೊಬ್ಬರಿಗೂ ಐದೈದು ಕಾಳು. ತಮಗೆ ಬೇಕಾದ ಕಡೆ ಇಡಲಿ. ಐದನ್ನೂ ಒಂದೇ ಕಡೆ ಇಟ್ಟರೂ ಸರಿ. ಯಾರು ಎಲ್ಲಿಟ್ಟರೆಂದು ನೋಡಿ ಉಳಿದವರು ಹಿಂದೆ ಹೋಗದಂತೆ, ಪ್ರತಿ ಗುರುತಿನ ಮೇಲೆ ಒಂದು ತಟ್ಟೆ ಬೋರಲು ಹಾಕಿ ಅದರ ಕೆಳಗೆ ಕಾಳು ಸೇರಿಸಲಿ. ಕೊನೆಗೆ ತಟ್ಟೆ ಎತ್ತಿ ಎಲ್ಲರೆದುರು ಎಣಿಸಿ. ಅಧ್ಯಕ್ಷೆಗೂ ಐದೇ ಕಾಳು, ನಿನ್ನೆ ಸೇರಿದ ಸೊಸೆಗೂ ಐದೇ ಕಾಳು.

ನಡೆಸುವವರು ನೆನಪಿಡಬೇಕಾದ್ದು

ಗುಂಪು ನಡೆಸುವವರು ತಾವು ಬರೆಯಬಾರದು. ಕೈ ಕಟ್ಟಿ ಕೂತು ಪ್ರಶ್ನೆ ಮಾತ್ರ ಕೇಳಬೇಕು.

ಸುಮ್ಮನೆ ಕೂತವರಿಗೆ "ಮಾತಾಡಿ" ಎನ್ನಬೇಡಿ, ಅವರು ಇನ್ನೂ ಮುದುಡುತ್ತಾರೆ. ಪುಡಿಯ ಬಟ್ಟಲು ಅವರ ಕೈಗೆ ಕೊಟ್ಟು "ನಿಮ್ಮ ಮನೆ ಎಲ್ಲಿ ಬರತ್ತಮ್ಮ?" ಎನ್ನಿ.

ಚಿತ್ರ ಚೆಂದವಾಗಬೇಕಿಲ್ಲ. ಹಸು ಕುರಿಯಂತೆ ಕಂಡರೆ ನಕ್ಕುಬಿಡಿ, ಆದರೆ ಬರೆದವರನ್ನು ನೋಡಿ ನಗಬೇಡಿ.

ಇಬ್ಬರ ಮಾತು ಕೂಡದಿದ್ದರೆ ಎರಡನ್ನೂ ಬರೆಯಿರಿ. ಮರುದಿನ ಜಾಗಕ್ಕೆ ಹೋಗಿ ನೋಡಿದರಾಯಿತು.

ಗೋಮಾಳದ ಒತ್ತುವರಿ, ಯಾರ ಮನೆಯ ಸಾಲ, ಯಾರ ಗಂಡನ ಕುಡಿತ ಇಂಥವು ನಡುವೆ ಬರಬಹುದು. ಒಬ್ಬರ ಮಾನ ಹೋಗುವಂಥದ್ದನ್ನು ನೆಲದ ಮೇಲೆ ಬರೆಯಬೇಡಿ, ಹಾಳೆಗೂ ಇಳಿಸಬೇಡಿ. ಗಡಿಯಾರದ ಚಿತ್ರವನ್ನು ಹೊರಗಿನವರು ಸುತ್ತ ನಿಂತು ನೋಡುವ ಬೀದಿಗಿಂತ ಒಳ ಅಂಗಳದಲ್ಲಿ ಬರೆಯುವುದು ಮೇಲು.

ಎಲ್ಲ ಕೇರಿಯವರೂ ಒಂದೇ ನೆಲದ ಸುತ್ತ ಕೂರಲಿ. ಒಂದು ಕೇರಿಯವರು ಬರದ ನಕ್ಷೆಯಲ್ಲಿ ಆ ಕೇರಿಯೇ ಇರುವುದಿಲ್ಲ. ಅವರಿಗೆ ಬರಲು ಕಷ್ಟವೆನಿಸಿದರೆ ಪುಡಿ ಕಾಳು ತೆಗೆದುಕೊಂಡು ನೀವೇ ಅಲ್ಲಿಗೆ ಹೋಗಿ ಕೂರಿ.

ನೆಲದಿಂದ ನಡಾವಳಿ ಪುಸ್ತಕಕ್ಕೆ

ರಂಗೋಲಿ ಮರುದಿನ ಬೆಳಿಗ್ಗೆ ಅಳಿಸಿಹೋಗುತ್ತದೆ. ಆದ್ದರಿಂದ ಏಳುವ ಮೊದಲು ಹಾಳೆಗೆ ನಕಲು ಮಾಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಹಾಳೆಯ ಕೆಳಗೆ ತಾರೀಖು, ಎಷ್ಟು ಜನ ಸೇರಿದ್ದಿರಿ ಎಂಬುದು, ಮತ್ತು ಮೂರು ಸಾಲು: ನಾವು ಕಂಡದ್ದು ಏನು, ನಾವೇ ಮಾಡಿಕೊಳ್ಳುವುದು ಏನು, ಸಂಘದಿಂದ ಕೇಳುವುದು ಏನು.

ಮೂರನ್ನೂ ಬೇರೆ ಬೇರೆ ಬರೆಯುವುದು ಮುಖ್ಯ. ಬದುವಿಗೆ ನೇಪಿಯರ್ ತುಂಡು ನೆಡಲು ಯಾರ ಅಪ್ಪಣೆಯೂ ಬೇಡ. ಒಬ್ಬರ ಮನೆಯ ಬುಡದಿಂದ ಹತ್ತು ಮನೆಗೆ ತುಂಡು ಹೋಗಬಹುದು. ಸಂಜೆ ಒಬ್ಬರ ಕೊಟ್ಟಿಗೆಯ ಬೆದೆಯನ್ನು ಇನ್ನೊಬ್ಬರು ನೋಡಿ ಹೇಳುವುದಕ್ಕೂ ಹಣ ಬೇಡ. ಯಂತ್ರ, ತೊಟ್ಟಿ, ಶಿಬಿರಗಳಿಗೆ ಮಾತ್ರ ಸಂಘದ ಮತ್ತು ಒಕ್ಕೂಟದ ನೆರವು ಬೇಕು. ಅದನ್ನು ಅರ್ಜಿಯಾಗಿ ಬರೆದು, ಚಿತ್ರದ ಹಾಳೆ ಲಗತ್ತಿಸಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಆಡಳಿತ ಮಂಡಳಿಯ ಸಭೆಗೆ ಮುಂಚೆಯೇ ಕೊಡಿ. ಸಭೆಯ ದಿನ ಹಾಳೆಯನ್ನು ಗೋಡೆಗೆ ಅಂಟಿಸಿ, ಬರೆದವರಲ್ಲೇ ಒಬ್ಬರು ಕೋಲು ಹಿಡಿದು ವಿವರಿಸಲಿ. ಓದು ಬಾರದವರಾದರೂ ಸರಿ. ತಾನೇ ಇಟ್ಟ ಕಲ್ಲಿನ ಬಗ್ಗೆ ಹೇಳಲು ಯಾರಿಗೂ ನಾಲಿಗೆ ತೊದಲುವುದಿಲ್ಲ. ತೀರ್ಮಾನ ನಡಾವಳಿಯಲ್ಲಿ ದಾಖಲಾಯಿತೇ ಎಂದು ಓದಬಲ್ಲ ಒಬ್ಬರಿಂದ ಓದಿಸಿ ಕೇಳಿಕೊಂಡೇ ಮನೆಗೆ ಹೊರಡಿ.

ಆರು ತಿಂಗಳಾದ ಮೇಲೆ ಅದೇ ಚಿತ್ರವನ್ನು ಮತ್ತೆ ಬರೆದು ಹಳೆಯ ಹಾಳೆಯ ಪಕ್ಕ ಇಡಿ. ವೃತ್ತದ ಹೊರಗಿದ್ದ ಬೀಜಗಳಲ್ಲಿ ಎಷ್ಟು ಒಳಗೆ ಬಂದವು? ಬೇಸಿಗೆಯ ಬರಿದಾದ ಮನೆಗಳಲ್ಲಿ ಎಷ್ಟು ಕಾಳು ಕೂತವು?

ಈ ತಿಂಗಳ ಅಭ್ಯಾಸ

1. ನಿಮ್ಮ ಬೀದಿಯ ಎಂಟು ಜನ ಹೈನುಗಾರ್ತಿಯರನ್ನು ಸೇರಿಸಿ ಹದಿಮೂರು ಕಲ್ಲಿನ ಚಿತ್ರ ಬರೆಯಿರಿ. ನಿಮ್ಮ ಹಸುವಿನ ಬೀಜ ಎಲ್ಲಿದೆ?

2. ಹಸು ಕರು ಹಾಕಿ 60 ದಿನ ಆದ ಮೇಲೆ 110 ದಿನದೊಳಗೆ ಎಷ್ಟು ಬೆದೆ ಸಿಗುತ್ತದೆ? ನಿಮ್ಮ ಹಸುವಿಗೆ ಹಿಂದಿನ ಸೂಲಿನಲ್ಲಿ ಎಷ್ಟು ತಪ್ಪಿತ್ತು?

3. ನಿಮ್ಮ ಮನೆಯ ರಾಸುಗಳಿಗೆ ದಿನಕ್ಕೆ 15 ಕಿಲೋದಂತೆ ಮೂರು ತಿಂಗಳಿಗೆ ಎಷ್ಟು ರಸಮೇವು ಬೇಕು? ಕಾಳಿಟ್ಟು ಲೆಕ್ಕ ಹಾಕಿ.

4. ಹಾಲಿನ ಪಾಸ್ ಪುಸ್ತಕ ತೆಗೆದು ಮೊದಲ ಪುಟ ನೋಡಿ. ಸದಸ್ಯರ ಹೆಸರು ಯಾರದು?

ಬರೆದ ಚಿತ್ರದ ಹಾಳೆಯನ್ನು ನಿಮ್ಮ ಸಂಘಕ್ಕೆ ಬರುವ ವಿಸ್ತರಣಾಧಿಕಾರಿಗೆ ತೋರಿಸಿ. ಅವರು ವಿವರಿಸುವ ಮೊದಲು ನೀವೇ ವಿವರಿಸಿ.